ನೀರು ಕುಡಿದ ಬಿಲ್ಲೆಗಳು

ನೀವು ದಿನವೂ ತುಳಿಯುವ ಅಂಗಳವನ್ನು ಹಾಸಿದವರು ಯಾರು, ಕೆಲಸ ಮುಗಿದ ಮೇಲೆ ಅವರು ಒಮ್ಮೆಯಾದರೂ ಅದರ ಮೇಲೆ ಕುಳಿತರೇ ಎಂದು ಎಂದಾದರೂ ಕೇಳಿಕೊಂಡಿದ್ದೀರಾ? ನಾನು ಬಹುಕಾಲ ಕೇಳಿಕೊಳ್ಳಲಿಲ್ಲ. ಆದರೆ ಸುಟ್ಟ ಮಣ್ಣಿನ ಮೇಲೆ ನೀರು ಬಿದ್ದಾಗ ಏಳುವ ವಾಸನೆ ಇಂದಿಗೂ ಮೂಗಿಗೆ ತಾಗಿದರೆ ಸಾಕು, ಕಂದಿಕೆರೆಯ ಹತ್ತಿರವಿದ್ದ ನಮ್ಮ ಮನೆಯ ಹಿತ್ತಿಲು, ಅಲ್ಲಿಂದ ತೆಂಗಿನ ತೋಟದ ನಡುವೆ ಬಾವಿಯವರೆಗೆ ಸಾಗುತ್ತಿದ್ದ ಕೆಂಪು ಬಿಲ್ಲೆಗಳ ದಾರಿ, ಬಿಂದಿಗೆ ಹಿಡಿದು ನಿಂತ ಹತ್ತು ವರ್ಷದ ನಾನು, ಎಲ್ಲವೂ ಒಟ್ಟಿಗೇ ಕಣ್ಣ ಮುಂದೆ ಬರುತ್ತವೆ.

ತೊಂಬತ್ತರ ದಶಕದ ಒಂದು ಬೇಸಿಗೆ. ಆ ಬಿಲ್ಲೆಗಳನ್ನು ಮಾಡಿ, ಸುಟ್ಟು, ಹಾಸಿದವರು ಊರಾಚೆಯ ಕೇರಿಯ ಕರಿಯಣ್ಣ. ನಮ್ಮ ಮನೆಯಲ್ಲಿ ಎಲ್ಲರೂ ಅವರನ್ನು ಏಕವಚನದಲ್ಲೇ ಕರೆಯುತ್ತಿದ್ದರು, ನಾನೂ. ಕೆರೆಯ ಜೇಡಿಮಣ್ಣನ್ನು ತುಳಿದು ಹದ ಮಾಡಿ, ಮರದ ಅಚ್ಚಿಗೆ ಒತ್ತಿ, ತೆಂಗಿನ ನೆರಳಿನಲ್ಲಿ ಒಣಗಿಸಿ, ತೆಂಗಿನ ಸಿಪ್ಪೆಯ ಬೆಂಕಿಯಲ್ಲಿ ಸುಡುತ್ತಿದ್ದರು. ಒಂದೊಂದು ಬಿಲ್ಲೆಯ ಬೆನ್ನಿನಲ್ಲೂ ಅವರ ಅಂಗೈಯ ಗುರುತಿರುತ್ತಿತ್ತು. ಮರಳು ಹರಡಿ, ದಾರ ಕಟ್ಟಿ, ಬಿಲ್ಲೆ ಕೂರಿಸಿ, ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿ ಕಿವಿಗೊಟ್ಟು ಕೇಳುತ್ತಿದ್ದರು. ಸದ್ದು ಪೊಳ್ಳೆನಿಸಿದರೆ ಕೆಳಗೆ ಟೊಳ್ಳಿದೆಯೆಂದು ಕಿತ್ತು ಮತ್ತೆ ಕೂರಿಸುತ್ತಿದ್ದರು.

“ಲೇ ಕರಿಯಾ, ಹಿಂಗೇ ಅದರ ಮಾತು ಕೇಳ್ತಾ ಕೂತಿರು, ದೀಪಾವಳಿ ಬತ್ತೈತೆ,” ಎಂದು ಅಜ್ಜಿ ಹಂಗಿಸಿದರೆ, “ಇದು ಸುಳ್ಳು ಹೇಳಾಕಿಲ್ಲ ಕಣವ್ವಾ, ಅದುಕ್ಕೇ ಕೇಳ್ತೀನಿ,” ಎಂದು ನಗುತ್ತಿದ್ದರು.

ಆ ದಾರಿಯ ಮೇಲೆ ಅವರ ಮುಂದಿನ ಬದುಕೇ ನಿಂತಿತ್ತು. ಪಕ್ಕದೂರಿನ ಶಾಲೆಯ ಅಂಗಳಕ್ಕೂ ಬಿಲ್ಲೆ ಹಾಸಿಸುವ ಮಾತಿತ್ತು. ನಮ್ಮ ಮನೆಯ ಕೆಲಸ ನೋಡಿ ಒಪ್ಪುವುದಾಗಿ ಹೆಡ್‌ಮೇಷ್ಟ್ರು ಹೇಳಿದ್ದರು. ಸಂದುಗಳಿಗೆ ಗಾರೆ ತುಂಬಿ, ಮೇಲೆ ಒದ್ದೆ ಗೋಣಿ ಹೊದಿಸಿ, ಕರಿಯಣ್ಣ ಹೊರಡುವಾಗ ಕೈಮುಗಿದು ಹೇಳಿದ್ದರು: “ಗೋಣಿ ಒಣಗದಂಗೆ ಚಿಮುಕಿಸಿ, ಅಷ್ಟೇ. ಹದಿನೈದು ದಿನ ನೀರು ಹುಯ್ಬೇಡಿ. ಸಂದೀಲಿ ಇಳುದ್ರೆ ಮರಳು ಕೊಚ್ಕೊಂಡೋಯ್ತದೆ.”

ಮರುದಿನ ಬೆಳಿಗ್ಗೆಯೇ ಅಜ್ಜಿ ಗೋಣಿ ತೆಗೆಸಿದರು. ಕೆಲಸ ನಡೆಯುವಾಗ ಕರಿಯಣ್ಣ ಮುಟ್ಟಬಹುದಿತ್ತು. ಕೆಲಸ ಮುಗಿದ ಮೇಲೆ ಅವರು ಮುಟ್ಟಿದ್ದನ್ನೆಲ್ಲ ತೊಳೆಯಬೇಕಿತ್ತು. ಅದು ನಮ್ಮ ಮನೆಯ ಕಟ್ಟಳೆ.

“ಕರಿಯಣ್ಣ ಬ್ಯಾಡ ಅಂದವ್ನೆ ಕಣಜ್ಜಿ,” ಎಂದೆ.

“ದೇವ್ರ ನೀರು ಈ ದಾರೀಲೇ ಅಲ್ವೇನೇ ಬರಾದು? ಹುಯ್ಯೇ ಸುಮ್ನೆ!”

ಗಂಜಲ ಬೆರೆಸಿದ ನೀರನ್ನು ಬಿಂದಿಗೆ ಬಿಂದಿಗೆಯಾಗಿ ಸುರಿದವಳು ನಾನೇ. ಹೊಸ ಬಿಲ್ಲೆಗಳು ಗಟಗಟನೆ ಕುಡಿದವು. ಆ ವಾಸನೆ ಆಗಲೇ ಮೊದಲ ಬಾರಿಗೆ ಎದ್ದದ್ದು.

ವಾರದೊಳಗೆ ಬಾವಿಯ ಕಡೆಯ ಇಳಿಜಾರು ಕುಸಿಯಿತು. ಬಿಲ್ಲೆಗಳು ಒಂದರ ಮೇಲೊಂದು ವಾಲಿ, ಸಂದಿನ ಗಾರೆ ಹಿಟ್ಟಿನಂತೆ ಉದುರಿತು. ಹೆಡ್‌ಮೇಷ್ಟ್ರು ಬಂದು ನೋಡಿದರು. ಅಪ್ಪ ಕರಿಯಣ್ಣನನ್ನು ಕರೆಸಿ ಮೇಷ್ಟ್ರ ಎದುರಿಗೇ ಕೂಗಾಡಿದರು: “ಕೆಲ್ಸ ಬರಲ್ಲ ಅಂತ ಮೊದ್ಲೇ ಹೇಳಾಕೆ ಏನಾಗಿತ್ತಲಾ ನಿಂಗೆ?”

ಕರಿಯಣ್ಣ ದಾರಿಯ ಪಕ್ಕದ ಮಣ್ಣಿನಲ್ಲೇ ಕುಕ್ಕರಗಾಲಿನಲ್ಲಿ ಕೂತು, ಕೈಚಾಚಿ ಒಂದು ಬಿಲ್ಲೆ ತಟ್ಟಿದರು. “ಇದು ನೀರು ಕುಡುದೈತೆ ಕಣ್ರಪ್ಪಾ. ಯಾರು ಹುಯ್ದಿರಿ?” ಅಜ್ಜಿ ಒಳಗೆ ನಡೆದರು. ಕರಿಯಣ್ಣ ನನ್ನ ಕಡೆ ತಿರುಗಿ ಕಾದರು. ನಾನು ತೆಂಗಿನ ಗರಿಯೊಂದನ್ನು ಸೀಳುತ್ತಾ ನಿಂತೆ.

ಶಾಲೆಯ ಅಂಗಳಕ್ಕೆ ಸಿಮೆಂಟು ಬಿತ್ತು. ಕರಿಯಣ್ಣ ಮತ್ತೆ ಬಿಲ್ಲೆ ಸುಡುವ ಗೂಡು ಹೊತ್ತಿಸಲಿಲ್ಲ; ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊತ್ತರೆಂದು ಕೇಳಿದೆ. ನಾನು ಕಾಲೇಜು ಸೇರಿ, ಸಮಾನತೆಯ ಪರವಾಗಿ ವಾದಿಸಿ ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ಗೆದ್ದೆ. ಎದುರಾಳಿಯ ಪ್ರತಿಯೊಂದು ವಾದಕ್ಕೂ ನನ್ನಲ್ಲಿ ಉತ್ತರವಿತ್ತು. ‘ನೀರು ಹುಯ್ದವಳು ನಾನು’ ಎಂಬ ಒಂದು ವಾಕ್ಯವನ್ನು ಮಾತ್ರ ಯಾವ ವೇದಿಕೆಯಲ್ಲೂ ಆಡಲಿಲ್ಲ.

ಅಜ್ಜಿ ತೀರಿಕೊಂಡು, ತೋಟ ಪಾಲಾಗಿ, ಮನೆ ಕೆಡವಿದ ವರ್ಷ ನಾನು ಒಂದು ಬಿಲ್ಲೆಯನ್ನು ಎತ್ತಿಕೊಂಡು ಕೇರಿಗೆ ಹೋದೆ. ಕರಿಯಣ್ಣ ಇರಲಿಲ್ಲ, ಹಿಂದಿನ ಬೇಸಿಗೆಯಲ್ಲೇ ತೀರಿಹೋಗಿದ್ದರು. ಅವರ ಮಗಳಿಗೆ ಎಲ್ಲವನ್ನೂ ಹೇಳಿದೆ. ಆಕೆ ಬಿಲ್ಲೆಯ ಬೆನ್ನಿನ ಗುರುತಿಗೆ ತನ್ನ ಅಂಗೈ ಹೊಂದಿಸುತ್ತಾ, “ನಮ್ಮಪ್ಪಂಗೆ ಗೊತ್ತಿತ್ತು ಕಣಕ್ಕಾ,” ಎಂದಳು. “ಆ ಮಗು ಒಂದಿನ ಬಂದು ಹೇಳ್ತದೆ ಬುಡು ಅಂತಿದ್ದ.”

ಓದುವ ನಿಮ್ಮಲ್ಲಿ ನನ್ನ ಕೋರಿಕೆ ಒಂದೇ. ನಿಮ್ಮ ಮನೆಯ ನೆಲ ಹಾಸಿದವರು ಕೆಲಸ ಮುಗಿಸಿ ಹೊರಡುವ ದಿನ, ಅವರನ್ನು ಆ ನೆಲದ ಮೇಲೆಯೇ ಕೂರಿಸಿ, ನೀವೂ ಪಕ್ಕದಲ್ಲಿ ಕುಳಿತು, ಒಟ್ಟಿಗೆ ಊಟ ಮಾಡಿ.