ಭಾನುವಾರದ ಸೀರಿಯಲ್ಲು ಮತ್ತು ನಮ್ಮ ಓನರಮ್ಮ

ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿತ್ತು. ಅವರೆಕಾಯಿ ಕಾಲ ಬಂತೆಂದರೆ ನೆನೆಸಿದ ಕಾಳಿನ ಬೋಗುಣಿಯನ್ನು ಮುಂದಿಟ್ಟುಕೊಂಡು, ಆ ಹೆಬ್ಬೆರಳಿನಿಂದಲೇ ಒಂದೊಂದು ಕಾಳನ್ನೂ ಹಿದುಕುತ್ತ ಟೀವಿಯೆದುರು ಕೂರುತ್ತಿದ್ದರು. ಸೀರಿಯಲ್ಲಿನಲ್ಲಿ ತಮಗಾಗದವರು ಬಂದರೆ ಹಿದುಕುವ ರಭಸ ಹೆಚ್ಚಿ, ಬೇಳೆ ಚಿಮ್ಮಿ ಹೋಗಿ ಗಾಜಿಗೆ ಬಡಿಯುತ್ತಿತ್ತು. ಡೆಲ್ಲಿಯ ಎಷ್ಟೋ ಶ್ರೀಮಂತ ಅತ್ತೆಯರು ತುಮಕೂರಿನ ಉಪ್ಪಾರಹಳ್ಳಿಯ ಅವರೆಬೇಳೆಯಿಂದ ಏಟು ತಿಂದಿದ್ದಾರೆ.

ನಾನು ಅವರನ್ನು ಓನರಮ್ಮ ಅನ್ನುತ್ತಿದ್ದೆ. ಎಂಬತ್ತರ ದಶಕದ ನಡುವಿನ ಮಾತು. ಅವರ ಮನೆಯ ಹಿಂಬದಿಯ ಒಂದು ರೂಮಿನಲ್ಲಿ ನಾನೂ ಐದು ವರ್ಷದ ನನ್ನ ಮಗಳೂ ಬಾಡಿಗೆಗೆ ಇದ್ದೆವು. ನಾನು ತುಮಕೂರಿನ ಒಂದು ಇಂಗ್ಲಿಷ್ ಮೀಡಿಯಂ ಸ್ಕೂಲಿನಲ್ಲಿ ಟೀಚರ್. ಹಸ್ಬೆಂಡ್ ಬಾಂಬೆಯಲ್ಲಿ ಕೆಲಸದಲ್ಲಿದ್ದಾರೆ ಎಂದು ಹೇಳಿ ರೂಮು ಹಿಡಿದಿದ್ದೆ. ಅದು ಸುಳ್ಳು. ಅವರು ಕುಣಿಗಲ್ ಹತ್ತಿರದ ಕೊತ್ತಗೆರೆಯಲ್ಲೇ ಇದ್ದರು. ಹೊರಗೆ ಹೋಗುವಾಗ ನಮ್ಮನ್ನು ಒಳಗಿಟ್ಟು ಬೀಗ ಹಾಕಿಕೊಂಡು ಹೋಗುತ್ತಿದ್ದರು, ಬಂದ ಮೇಲೆ ನನ್ನ ಮೇಲೆ ಕೈ ಮಾಡುತ್ತಿದ್ದರು. ಒಂದು ಬೆಳಿಗ್ಗೆ ಬೀಗ ಹಾಕುವುದನ್ನು ಮರೆತರು. ನಾನು ಮಗಳನ್ನು ಎತ್ತಿಕೊಂಡು ಬಸ್ಸು ಹತ್ತಿದೆ.

ಗಂಡನನ್ನು ಬಿಟ್ಟು ಬಂದವಳಿಗೆ ಆಗ ಸಂಸಾರಸ್ಥರ ಬೀದಿಯಲ್ಲಿ ರೂಮು ಸಿಗುತ್ತಿರಲಿಲ್ಲ. ಓನರಮ್ಮನಿಗೆ ಗೊತ್ತಾದರೆ ರೂಮು ಹೋಗುತ್ತದೆ, ರೂಮು ಹೋದರೆ ಸುದ್ದಿ ಕೊತ್ತಗೆರೆ ಮುಟ್ಟುತ್ತದೆ, ಆಮೇಲೆ ಅವರು ಬಂದು ಮಗಳನ್ನು ಎತ್ತಿಕೊಂಡು ಹೋಗುತ್ತಾರೆ. ಇದೊಂದೇ ನನ್ನ ಹಗಲಿನ ಯೋಚನೆ. ಗೇಟಿನ ಸದ್ದಿಗೆ ಹೆದರುತ್ತಿದ್ದೆ, ಪೋಸ್ಟ್‌ಮ್ಯಾನ್‌ಗೆ ಹೆದರುತ್ತಿದ್ದೆ, ಕುಣಿಗಲ್ ಬೋರ್ಡಿನ ಬಸ್ಸು ಕಂಡರೆ ಸೆರಗನ್ನು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದೆ.

ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕಲಿಸಿದ ಹಿಂದಿ ನನ್ನನ್ನು ಆ ಟೀವಿಯ ಪಕ್ಕ ಕೂರಿಸಿತು. ಇಡೀ ಬೀದಿಗೆ ಅದೊಂದೇ ಟೀವಿ. ಭಾನುವಾರ ಬೆಳಿಗ್ಗೆ ಕಿಟಕಿಗಳನ್ನೆಲ್ಲ ಮುಚ್ಚಿ ಹಜಾರವನ್ನು ಕತ್ತಲು ಮಾಡುತ್ತಿದ್ದರು. ಹತ್ತು ಜನ ಹೆಂಗಸರು, ಅವರ ಮಕ್ಕಳು. ಓನರಮ್ಮ "ಏನಂದ್ಲು ಮಿಸ್ಸು?" ಎಂದಾಗಲೆಲ್ಲ ನಾನು ಕನ್ನಡದಲ್ಲಿ ಹೇಳಬೇಕು.

ಹಿಂದಿ ಬಾರದಿದ್ದರೂ ಅವರನ್ನು ಮೋಸ ಮಾಡುವುದು ಕಷ್ಟವಿತ್ತು. ಅವರು ಗುಬ್ಬಿಯ ಹೆಣ್ಣುಮಗಳು. ತಂದೆ ನಾಟಕದ ಕಂಪನಿಯೊಂದರಲ್ಲಿ ಪರದೆ ಎಳೆಯುವವರು. ಚಿಕ್ಕಂದಿನಲ್ಲಿ ಸೈಡ್ ವಿಂಗಿನಲ್ಲಿ ನಿಂತು ಅದೆಷ್ಟು ನಾಟಕ ನೋಡಿದ್ದರೋ. ಅಳುವ ಸೀನ್ ಬಂದರೆ ಕಾಡಿಗೆ ನೋಡುವರು. ಅದು ಹರಡದಿದ್ದರೆ, ಇವಳು ಅಳ್ತಿಲ್ಲ, ಮುಂದಕ್ಕೆ ಹೋಗಲಿ ಎಂಬ ತೀರ್ಪು. ಯಾವ ಮನೆಯಲ್ಲೂ ಬರೀ ಟೀ ಕುಡಿಯುತ್ತಾರೆಯೇ ಹೊರತು ಒಬ್ಬರೂ ಲೋಟ ತೊಳೆಯುವುದಿಲ್ಲ ಎಂಬುದು ಅವರ ದೊಡ್ಡ ತಕರಾರು. ಕಾಮಿಡಿಗಳ ನಡುವೆ ಕಾಣದ ಜನ ಗೊಳ್ಳೆಂದು ನಗುತ್ತಾರಲ್ಲ, ಅದಂತೂ ಅವರಿಗೆ ಆಗುತ್ತಲೇ ಇರಲಿಲ್ಲ. "ಅವ್ರೇ ಮುಂಚೆ ನಕ್ಬುಟ್ರೆ ನಮ್ಗೇನ್ ಉಳೀತು?"

ಆ ವರ್ಷ ಒಂದು ಸೀರಿಯಲ್ಲಿನಲ್ಲಿ ದೊಡ್ಡ ಆಫೀಸರ್, ಅವನ ಹೆಂಡತಿ, ಸ್ಕೂಲಿಗೆ ಹೋಗುವ ಮಗಳು ಇದ್ದರು. ಒಂದು ಭಾನುವಾರ ಆ ಹೆಂಡತಿ, ಇನ್ನು ಈ ಮನೆಯಲ್ಲಿ ಇರುವುದಿಲ್ಲ ಎಂದು ಗಂಡನಿಗೆ ಹೇಳಿ, ಮಗಳ ಕೈ ಹಿಡಿದು ಹೊರಟೇಬಿಟ್ಟಳು.

"ಏನಂದ್ಲು ಮಿಸ್ಸು?"

ಬಿಟ್ಟುಹೋದಳು ಎಂದರೆ ಈ ಹತ್ತು ಜನ ಅವಳನ್ನು ಬೈಯುತ್ತಾರೆ, ಮುಖದಲ್ಲಿ ಏನೂ ತೋರಿಸದೆ ನಾನು ಅದನ್ನು ಕೇಳಿಸಿಕೊಳ್ಳಬೇಕು. ತವರಿಗೆ ಹೋಗುತ್ತಿದ್ದಾಳೆ, ತಮ್ಮನ ಮದುವೆಯಂತೆ, ಅಂದುಬಿಟ್ಟೆ. ಹೆಂಗಸರು ಒಪ್ಪಿಕೊಂಡರು. ಓನರಮ್ಮನ ಕೈ ಮಾತ್ರ ನಿಂತಿತು.

"ತಮ್ಮನ್ ಮದ್ವೆಗೆ ಹೋಗೋಳು ಒಂದು ರೇಷ್ಮೆ ಸೀರೆ ತಗೊಳ್ಲಿಲ್ಲ. ಮಗೀನ ಸ್ಕೂಲ್ ಬ್ಯಾಗ್ ಮಾತ್ರ ತಗೊಂಡ್ಲಲ್ಲ?" ಹೀಗೆ ಕೇಳುವಾಗ ಅವರು ಟೀವಿ ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದರು.

ಡೈರೆಕ್ಟರ್ ಮರೆತಿರಬೇಕು ಎಂದೆ.

"ಮರ್ತಿಲ್ಲ ಬುಡಿ" ಎಂದು ಮತ್ತೆ ಹಿದುಕತೊಡಗಿದರು.

ಆ ವಾರವಿಡೀ ಅವರ ಚಪ್ಪಲಿಯ ಸದ್ದು ಕೇಳಿದರೆ ರೂಮಿನ ಚಿಲಕ ಹಾಕಿಕೊಳ್ಳುತ್ತಿದ್ದೆ. ಬುಧವಾರ ಸ್ಕೂಲಿನಿಂದ ಬಂದಾಗ ಮಗಳು ಅವರ ಮನೆಯಲ್ಲಿ ತಿಂಡಿ ತಿಂದು ಬಂದಿದ್ದಳು. ಅಜ್ಜಿ ಏನಾದರೂ ಕೇಳಿದರಾ ಎಂದೆ. ಅಪ್ಪ ಹೇಗೆ ಅಂತ ಕೇಳಿದರಂತೆ.

"ನೀನೇನು ಹೇಳ್ದೆ?"

"ಬೀಗ ಹಾಕ್ತಾರೆ ಅಂದೆ."

ಮೈ ಹ್ಯಾಂಡ್ಸ್ ವೆಂಟ್ ಕೋಲ್ಡ್. ಇವತ್ತೂ ಅದನ್ನು ನನಗೆ ಬೇರೆ ಭಾಷೆಯಲ್ಲಿ ಹೇಳಲು ಬರುವುದಿಲ್ಲ. ಬಟ್ಟೆಗಳನ್ನೆಲ್ಲ ಸೂಟ್‌ಕೇಸಿಗೆ ತುಂಬಿಟ್ಟೆ. ಖಾಲಿ ಮಾಡಿ ಎನ್ನಲು ಅವರು ಇವತ್ತು ಬರುತ್ತಾರೆ, ನಾಳೆ ಬರುತ್ತಾರೆ ಎಂದು ಕಾದೆ. ಬರಲಿಲ್ಲ. ಭಾನುವಾರ ಎಂದಿನಂತೆ ಕರೆ ಬಂತು. ಹೋಗದಿದ್ದರೆ ಅನುಮಾನವೆಂದು ಹೋಗಿ ಕೂತೆ. ಮಗಳು ಅವರ ಮಗ್ಗುಲಿಗೆ ಕೂತಳು.

ಸೀರಿಯಲ್ಲು ಶುರುವಾಗಿ ಐದು ನಿಮಿಷವಾಗಿರಬಹುದು. ನನ್ನ ಬೆನ್ನ ಹಿಂದೆ, ಬಾಗಿಲಲ್ಲಿ, ಒಂದು ದನಿ ಕೇಳಿತು. "ಕೊತ್ತಗೆರೆ ಕಡೆಯೋರು, ಸ್ಕೂಲ್ ಮಿಸ್ಸು, ಒಂದು ಹೆಣ್ಮಗ ಐತೆ. ಈ ಮನೇಲೇ ಅವ್ರಂತೆ?"

ನನ್ನ ಮೈದುನನ ದನಿ. ತುಮಕೂರಿನ ಪಕ್ಕದ ಕೋರ ಎಂಬ ಊರಿನಲ್ಲಿದ್ದ ಗಂಡನ ಕಡೆಯ ನೆಂಟರು ಯಾರೋ ನನ್ನನ್ನು ಸ್ಕೂಲಿನ ಹತ್ತಿರ ಕಂಡು ಸುದ್ದಿ ಕೊಟ್ಟಿದ್ದರೆಂದು ಆಮೇಲೆ ತಿಳಿಯಿತು.

"ಸೀರಿಯಲ್ಲು ಮುಗೀಲಿ ಕಣಪ್ಪ. ಅಲ್ಲೇ ಕೂತ್ಕೊ" ಎಂದರು ಓನರಮ್ಮ.

ಅವನು ಹೊಸ್ತಿಲ ಮೇಲೆ ಕೂತ. ಬಿಸಿಲಿನಿಂದ ಬಂದವನಿಗೆ ಆ ಕತ್ತಲಲ್ಲಿ ಸಾಲು ಬೆನ್ನುಗಳಷ್ಟೇ ಕಂಡಿರಬೇಕು. ಆದರೆ ನಾನು ಒಂದು ಮಾತಾಡಿದರೆ ಸಾಕು, ದನಿ ಗುರುತು ಸಿಗುತ್ತದೆ. ಮಗಳು ತಿರುಗಿ ಚಿಕ್ಕಪ್ಪ ಎಂದರೆ ಮುಗಿಯಿತು. ಟೀವಿಯಲ್ಲಿ ಆ ಹೆಂಗಸು ಕೋರ್ಟಿನಲ್ಲಿ ನಿಂತು ಉದ್ದುದ್ದ ಮಾತಾಡುತ್ತಿದ್ದಳು. ಹತ್ತೂ ಜನ ಅಭ್ಯಾಸಬಲದಿಂದ ನನ್ನ ಕಡೆ ತಿರುಗಿದರು.

"ಇವತ್ತು ನಾನ್ ಹೇಳ್ತೀನಿ ಕೇಳ್ರಿ" ಎಂದರು ಓನರಮ್ಮ. ಬೋಗುಣಿಯನ್ನು ಮಗಳ ಮಡಿಲಿಗೆ ನೂಕಿ, ಅವಳ ತಲೆಯ ಮೇಲೆ ತಮ್ಮ ಸೆರಗು ಎಳೆದು, ತಲೆ ಎತ್ತದೆ ಹಿದುಕಿದರೆ ಬೆಲ್ಲ ಕೊಡುತ್ತೇನೆಂದು ಪಿಸುಗುಟ್ಟಿ, ಕಥೆ ಶುರು ಮಾಡಿದರು. ತಮ್ಮನ ಮದುವೆ ಚೆನ್ನಾಗಾಯಿತಂತೆ. ಬೀಗರ ಕಡೆಯವರಿಗೆ ಹೋಳಿಗೆ ಸಾಲದೆ ಬಂದು ಜಗಳವಾಯಿತಂತೆ. ಟೀವಿಯಲ್ಲಿ ಕರಿಕೋಟಿನ ಲಾಯರು ಬೆರಳು ತೋರಿಸಿ ಅರಚುತ್ತಿದ್ದ. ಅವನು ಅಡುಗೆಯವನಂತೆ, ಎಣಿಸಿಯೇ ಬಡಿಸಿದೆ ಅನ್ನುತ್ತಿದ್ದಾನಂತೆ. ಅವರ ದನಿ ಒಂದು ಸಲವೂ ನಡುಗಲಿಲ್ಲ. ಯಾವತ್ತೂ ಬಾಯಿ ಮುಚ್ಚದ ಆ ಹತ್ತು ಹೆಂಗಸರಲ್ಲಿ ಒಬ್ಬಳೂ ನಗಲಿಲ್ಲ, ಒಬ್ಬಳೂ ಪ್ರಶ್ನೆ ಕೇಳಲಿಲ್ಲ.

ಮುಗಿದ ಮೇಲೆ ಟೀವಿ ಆರಿಸಿದರು. ಕಿಟಕಿ ತೆಗೆಯಲಿಲ್ಲ. ಬಾಗಿಲ ತುಂಬ ನಿಂತು ಅವನಿಗೆ ಹೇಳಿದರು. "ಇದ್ರು. ದೀಪಾವಳಿ ಕಳೀತಿದ್ದಂಗೇ ಖಾಲಿ ಮಾಡ್ಕೊಂಡು ಹೋದ್ರು. ಬಾಡಿಗೆಯವ್ರು ಹೋದ ಊರನ್ನೆಲ್ಲ ನಾನ್ ಬರ್ದಿಟ್ಕೊಳ್ಳಕ್ಕಾಯ್ತದಾ?"

ಅವನು ಒಳಗೆ ಇಣುಕಿ, ರೂಮು ಒಂದ್ಸಲ ನೋಡ್ತೀನಿ ಎಂದ.

"ಹೆಂಗಸ್ರು ಕೂತಿರೋ ಮನೆ. ಹೊರಡು."

ಗೇಟು ಮುಚ್ಚಿದ ಸದ್ದು ಕೇಳಿತು. ಎಲ್ಲರೂ ಹೋದ ಮೇಲೆ ಅವರು ನನ್ನೆದುರು ಕೂತರು. ಅವತ್ತಿನವರೆಗೂ ಬಹುವಚನದಲ್ಲೇ ಮಾತಾಡಿಸಿದ್ದವರು. "ಇನ್ಮೇಲೆ ಸೀರಿಯಲ್ಲಲ್ಲಿ ಇರೋದನ್ನ ಇದ್ದಂಗೇ ಹೇಳು ಕಣೇ. ಸುಳ್ಳು ಹೇಳಕ್ಕೆ ನಂಗೆ ಬರ್ತದೆ. ನಿಂಗೆ ಬರಲ್ಲ" ಎಂದರು. ಅಷ್ಟೇ. ಕೊತ್ತಗೆರೆಯ ಬಗ್ಗೆ ಅವತ್ತೂ ಕೇಳಲಿಲ್ಲ, ಮುಂದೆಯೂ ಕೇಳಲಿಲ್ಲ.

ಆ ಸೀರಿಯಲ್ಲಿನ ಕೊನೆಯಲ್ಲಿ ಗಂಡ ಕೈ ಮುಗಿದ, ಹೆಂಡತಿ ಹಿಂದಕ್ಕೆ ಹೋದಳು. ನಾನು ಇದ್ದದ್ದನ್ನು ಇದ್ದಂತೆಯೇ ಹೇಳಿದೆ. ಹೆಂಗಸರು ಕಣ್ಣೊರೆಸಿಕೊಂಡು ಸಮಾಧಾನಪಟ್ಟರು. ಓನರಮ್ಮ ಎದ್ದು ಕಿಟಕಿ ತೆಗೆದರು. "ಅವ್ಳು ಹೆದರಿರ್ಲಿಲ್ಲ. ಬರ್ದೋನು ಹೆದರ್ಕೊಂಡ" ಎಂದರು.

ಅದಾಗಿ ಮೂರ್ನಾಲ್ಕು ವರ್ಷಕ್ಕೆ ಅವರು ತೀರಿಕೊಂಡರು. ಕಾರ್ಯ ಗುಬ್ಬಿಯಲ್ಲಿ. ನೀವು ಏನಾಗಬೇಕು ಎಂದು ಅವರ ಮಗ ಕೇಳಿದಾಗ ಬಾಡಿಗೆಯವಳು ಎಂದಷ್ಟೇ ಹೇಳಿದೆ. ಅಲ್ಲೂ ನನ್ನ ಕಣ್ಣು ಜನರ ನಡುವೆ ಕುಣಿಗಲ್ಲಿನ ಮುಖಗಳನ್ನೇ ಹುಡುಕುತ್ತಿತ್ತು. ವಾಪಸು ಬರುವ ಬಸ್ಸಿನಲ್ಲಿ ನಮ್ಮ ಬೀದಿಯ ಹೆಂಗಸೊಬ್ಬಳು ಪಕ್ಕದಲ್ಲಿ ಕೂತಿದ್ದಳು. ಇಷ್ಟು ವರ್ಷ ನಿಮ್ಮಲ್ಲಿ ಯಾರೂ ಯಾಕೆ ಬಾಯಿ ಬಿಡಲಿಲ್ಲ ಎಂದು ಕೊನೆಗೂ ಕೇಳಿದೆ. ನನ್ನ ಮೈದುನ ಬಂದುಹೋದ ದಿನವೇ ಮಧ್ಯಾಹ್ನ ಓನರಮ್ಮ ಹತ್ತೂ ಮನೆಗೆ ಹೋಗಿ ಬಂದಿದ್ದರಂತೆ. ಮಿಸ್ಸಿನ ವಿಷಯ ಯಾರ ಬಾಯಿಂದ ಹೊರಗೆ ಬಿತ್ತೋ ಅವರ ಮನೆಗೆ ಭಾನುವಾರದ ಟೀವಿ ಬಂದ್ ಎಂದಿದ್ದರಂತೆ.

ನಾವು ಆ ಬಸ್ಸಿನಲ್ಲಿ ಕೂತ ಹೊತ್ತಿಗೆ ಆ ಹತ್ತು ಮನೆಗಳಿಗೂ ಸ್ವಂತ ಟೀವಿ ಬಂದು ಎರಡು ವರ್ಷವಾಗಿತ್ತು.