ದೋಣಿಯ ಹೊಟ್ಟೆಯಲ್ಲಿ ಪೆಟ್ರೋಲ್

ಕಳೆದ ಭಾನುವಾರ ಬೆಳಗ್ಗೆ ಬೇಗೂರು ಕೆರೆಯಲ್ಲಿ ನಾನು ಇನ್ನೇನು ಒಂದು ಸ್ವಿಚ್ ಒತ್ತುವುದರಲ್ಲಿದ್ದೆ. "ಅಯ್ಯೋ, ಬೇಡಿ!" ಎಂದು ಶಾರದಮ್ಮ ಕೂಗಿಕೊಂಡರು. ಬೆರಳು ಅಲ್ಲೇ ನಿಂತಿತು.

ಶಾರದಮ್ಮ ನಮ್ಮ ಪಕ್ಕದ ಮನೆಯವರು. ಅವರ ಯಜಮಾನರು ವೆಂಕಟರಾಯರು, ವರ್ಕ್‌ಶಾಪ್ ಫೋರ್‌ಮನ್ ಆಗಿ ರಿಟೈರಾದವರು. ಜಯನಗರದಲ್ಲಿ ಮನೆ ಕಟ್ಟಿ ಮುಗಿಸಿದ ಮೇಲೆ ಕೈ ಸುಮ್ಮನಿರಬೇಕಲ್ಲ? ಕಾಂಪೌಂಡಿನಲ್ಲೇ ಒಂದು ದೋಣಿ ಕಟ್ಟಿದರು. ಮಹಾಯುದ್ಧಕ್ಕೆ ಮುಂಚಿನ ಹಳೇ ಕಾರಿನ ಎಂಜಿನ್ ಬಿಚ್ಚಿ, ಅದರೊಳಗೆ ಕೂರಿಸಿದರು. (ಸಮುದ್ರ ಎಲ್ಲಿ, ಜಯನಗರ ಎಲ್ಲಿ ಎಂದು ಬೀದಿಯೆಲ್ಲ ನಕ್ಕಿತು. ನಾನೂ ನಕ್ಕಿದ್ದೆ.)

ಎತ್ತಿನ ಗಾಡಿಯಲ್ಲಿ ದೋಣಿ ಕೆರೆಗೆ ಬಂತು. ದಡದಲ್ಲಿ ಪೂಜೆಯಾಯಿತು. ಇಪ್ಪತ್ತು ಜನ ಸೇರಿದರು. ನಾವು ಮೂವರು ಹತ್ತಿದೆವು. ರಾಯರು ಇನ್ನೂ ಎಂಜಿನ್ನಿನ ಮುಚ್ಚಳಕ್ಕೆ ಕೈ ಹಾಕುತ್ತಿದ್ದರು. ನನಗೆ ಎಲ್ಲಿಯ ತಾಳ್ಮೆ? ಎಂಜಿನ್ ಸ್ಟಾರ್ಟ್ ಮಾಡುವ ಸ್ವಿಚ್ಚಿಗೆ ಬೆರಳು ಚಾಚಿದೆ; ಆಗಲೇ ಶಾರದಮ್ಮ ಕೂಗಿದ್ದು.

"ಪೆಟ್ರೋಲ್ ವಾಸನೆ ಕಣ್ರೀ," ಎಂದರು ಶಾರದಮ್ಮ.

"ನಸ್ಯ ಹಾಕಿ ಹಾಕಿ ನನ್ನ ಮೂಗು ಹೋಯ್ತು ಸಾರ್. ಇವಳ ಮೂಗನ್ನೇ ನಂಬಬೇಕು," ಎನ್ನುತ್ತ ರಾಯರು ತಳದ ಹಲಗೆ ಎತ್ತಿದರು. ಕೆಳಗೆ ಪೆಟ್ರೋಲ್ ಹೊಳೆಯುತ್ತಿತ್ತು. ಗಾಡಿಯ ಕುಲುಕಾಟಕ್ಕೆ ಪೈಪಿನ ಜಾಯಿಂಟ್ ಸಡಿಲವಾಗಿತ್ತು.

"ಕಾರಲ್ಲಾದ್ರೆ ರಸ್ತೆಗೆ ಸೋರಿ ಹೋಗತ್ತೆ. ಇಲ್ಲಿ ಎಲ್ಲಿಗೆ ಹೋಗತ್ತೆ ಹೇಳಿ? ಅದರ ಆವಿ ಗಾಳಿಗಿಂತ ಭಾರ, ತಳದಲ್ಲೇ ಕೂತಿರತ್ತೆ. ಒಂದು ಕಿಡಿ ಸಾಕು."

ರಾಯರ ದನಿ ಏರಲಿಲ್ಲ.

ನಮ್ಮಿಬ್ಬರನ್ನೂ ಇಳಿಸಿದರು. ಜಾಯಿಂಟ್ ಬಿಗಿ ಮಾಡಿದರು. ಹಳೇ ಪಂಚೆಯ ತುಂಡುಗಳಿಂದ ಪೆಟ್ರೋಲ್ ಹೀರಿ ತೆಗೆದು, ಅವನ್ನು ದೂರ ಒಯ್ದು ಹಾಕಿದರು. ಹಲಗೆಗಳನ್ನೆಲ್ಲ ತೆರೆದಿಟ್ಟು, ಟವೆಲ್ಲಿನಿಂದ ಗಾಳಿ ಬೀಸತೊಡಗಿದರು.

"ಏನ್ ಸಾಮಿ, ಮಗೂನ ಮಲಗುಸ್ತಾ ಇದ್ದೀರಾ?" ಎಂದ ಗಾಡಿಯ ಮುನಿಯಪ್ಪ. ದಡವೆಲ್ಲ ನಕ್ಕಿತು. ರಾಯರು ತಲೆ ಎತ್ತಲಿಲ್ಲ.

ಕಾಲು ಗಂಟೆಯಾದ ಮೇಲೆ ಶಾರದಮ್ಮ ಬಗ್ಗಿ ಮೂಸಿ ನೋಡಿದರು. "ಇನ್ನೂ ಇದೆ." ಮತ್ತೆ ಟವೆಲ್. ಕೆಲವರು ಬೇಸತ್ತು ಎದ್ದು ಹೋದರು. ಇನ್ನೂ ಕಾಲು ಗಂಟೆ. ಮತ್ತೊಮ್ಮೆ ಬಗ್ಗಿದರು. "ಈಗೇನೂ ಇಲ್ಲ."

ರಾಯರು ಒಬ್ಬರೇ ಹತ್ತಿದರು. ಗೇರ್ ನ್ಯೂಟ್ರಲ್‌ನಲ್ಲಿದೆಯೇ ನೋಡಿದರು. ಮುಚ್ಚಳ ತೆರೆದೇ ಇಟ್ಟು ಸ್ವಿಚ್ ಒತ್ತಿದರು. ಎಂಜಿನ್ ಎರಡು ಸಲ ಕೆಮ್ಮಿ ಸ್ಟಾರ್ಟಾಯಿತು. ಹಿಂದಿನ ಕೊಳವೆಯಿಂದ ತಂಪು ಮಾಡುವ ನೀರು ಹೊರಬರುತ್ತಿದೆಯೆಂದು ಖಾತ್ರಿಯಾದ ಮೇಲೆಯೇ ಅವರ ಮುಖದಲ್ಲಿ ನಗು. "ಬನ್ನಿ ಸಾರ್," ಎಂದು ನನಗೆ ಕೈ ಕೊಟ್ಟರು. ನನ್ನ ಅವಸರದ ಬಗ್ಗೆ ಒಂದು ಮಾತೂ ಆಡಲಿಲ್ಲ. (ಬೈದಿದ್ದರೆ ಎಷ್ಟೋ ವಾಸಿಯಿತ್ತು.)

ಎಂಜಿನ್ ಗೊತ್ತಿರುವವನೆಂದರೆ ಸ್ಟಾರ್ಟ್ ಮಾಡಬಲ್ಲವನು ಎಂದುಕೊಂಡಿದ್ದೆ. ಆಫೀಸಿನಲ್ಲಿ, ಮನೆಯಲ್ಲಿ, ರಸ್ತೆಯಲ್ಲಿ ನಾವೆಲ್ಲ ಮಾಡುವುದೂ ಅದನ್ನೇ ಅಲ್ಲವೇ? ಮೊದಲು ಒತ್ತುವುದು, ಆಮೇಲೆ ನೋಡುವುದು.

ಊರೆಲ್ಲ ನಗುತ್ತಿರುವಾಗ ಅರ್ಧ ಗಂಟೆ ಕಾಯಲು ನಮ್ಮಲ್ಲಿ ಎಷ್ಟು ಜನರಿಗೆ ಧೈರ್ಯವಿದೆ?