ಎಡಗೈ ಬಿಲ್ಲು ಮಾಡಿದ ಸದ್ದು

2022ರಲ್ಲಿ ನಾನು ಮಕ್ತಲ್ ಊರಾಚೆಯ ಒಂದು ಬಾಲಕಿಯರ ವಸತಿ ಶಾಲೆಯಲ್ಲಿ ದೈಹಿಕ ಶಿಕ್ಷಣದ ಶಿಕ್ಷಕಿಯಾಗಿದ್ದೆ. ಕಬಡ್ಡಿ, ಖೋಖೋ ಜೊತೆಗೆ ಬಿಲ್ಲುಗಾರಿಕೆಯೂ ನನ್ನ ಪಾಲಿಗೆ ಬಂದಿತ್ತು. ಹೈದರಾಬಾದಿಗೆ ಹೋಗಿ ಮೂರು ವಾರದ ತರಬೇತಿ ಪಡೆದು ಬಂದವಳು ನಾನೊಬ್ಬಳೇ, ಹಾಗಾಗಿ ಬಿಲ್ಲುಗಳ ಬೀಗದ ಕೈ ನನ್ನ ಸೊಂಟಕ್ಕೆ ಬಿತ್ತು.

ನಮ್ಮ ಹತ್ತಿರ ಆರು ಬಿಲ್ಲು ಇದ್ದವು. ಎಲ್ಲವೂ ಹಳೆಯ ಮಾದರಿಯ ರಿಕರ್ವ್. ಅಂದರೆ ತುದಿಗಳು ಮುಂದಕ್ಕೆ ಬಾಗಿದ, ಮರದ ಪಟ್ಟಿಗಳ ಮೇಲೆ ಫೈಬರ್‌ಗ್ಲಾಸ್ ಅಂಟಿಸಿ ಮಾಡಿದ ಸಾದಾ ಬಿಲ್ಲು. ಗುರಿ ನೋಡುವ ಸೈಟ್ ಇಲ್ಲ, ಬಿಲ್ಲು ಅಲುಗದಂತೆ ಹಾಕುವ ತೂಕದ ಸಲಾಕೆಗಳಿಲ್ಲ. ಆರರಲ್ಲಿ ಒಂದೇ ಒಂದು ಎಡಗೈಯವರದು. ಬಾಣ ಕೂಡುವ ಕಚ್ಚು ಅದರಲ್ಲಿ ಆಚೆ ಬದಿಗಿರುತ್ತದೆ, ಬಲಗೈಯವರಿಗೆ ಅದು ಉಪಯೋಗವಿಲ್ಲ, ಎಡಗೈಯವರಿಗೆ ಉಳಿದ ಐದೂ ಉಪಯೋಗವಿಲ್ಲ. ವರ್ಷಗಟ್ಟಲೆ ಚೀಲದಲ್ಲೇ ಇದ್ದ ಆ ಬಿಲ್ಲನ್ನು ಎಂಟನೇ ತರಗತಿಯ ಶ್ರಾವಣಿ ಎಂಬ ಹುಡುಗಿ ಹೊರತೆಗೆಸಿದಳು. ಗದ್ವಾಲದಲ್ಲಿ ಸೀರೆ ನೇಯುವ ಮನೆಯ ಮಗಳು, ಊಟ ಬಿಟ್ಟು ಉಳಿದೆಲ್ಲ ಕೆಲಸವೂ ಎಡಗೈಯಲ್ಲಿ. ಒಂದೂವರೆ ವರ್ಷದಲ್ಲಿ ಅವಳು ನನಗೆ ಗೊತ್ತಿದ್ದಷ್ಟನ್ನೂ ಕಲಿತು ಮುಗಿಸಿದ್ದಳು.

ದಸರಾ ರಜೆ ಮುಗಿದ ವಾರ, ಶನಿವಾರ ನಾರಾಯಣಪೇಟೆಯಲ್ಲಿ ಬಿಲ್ಲುಗಾರಿಕೆಯ ಆಯ್ಕೆ ಸ್ಪರ್ಧೆ ಇತ್ತು. ಮುಂದಿನ ಹಂತಕ್ಕೆ ನಾಲ್ಕು ಹುಡುಗಿಯರನ್ನು ಆರಿಸುತ್ತಿದ್ದರು. ವಯಸ್ಸಿನ ಲೆಕ್ಕದಲ್ಲಿ ಶ್ರಾವಣಿಗೆ ಸಾದಾ ಬಿಲ್ಲಿನ ವಿಭಾಗದಲ್ಲಿ ಅದೇ ಕೊನೆಯ ವರ್ಷ. ಮುಂದಿನ ವಿಭಾಗಕ್ಕೆ ಬೇಕಾದ ಬಿಲ್ಲು ನಮ್ಮ ಶಾಲೆಯಲ್ಲಿ ಬಲಗೈಯವರಿಗೂ ಇರಲಿಲ್ಲ. ರಜೆಯಲ್ಲಿ ಅಭ್ಯಾಸ ತಪ್ಪಬಾರದೆಂದು ನಾನೇ ಮುಖ್ಯೋಪಾಧ್ಯಾಯಿನಿಯವರನ್ನು ಬೇಡಿಕೊಂಡು ಬಿಲ್ಲನ್ನು ಅವಳ ಜೊತೆ ಗದ್ವಾಲಕ್ಕೆ ಕಳಿಸಿದ್ದೆ.

ಸೋಮವಾರ ಬೆಳಿಗ್ಗೆ ಅವಳು ಮೊದಲ ಬಾಣ ಬಿಟ್ಟಾಗ ನಾನು ಹತ್ತು ಹೆಜ್ಜೆ ದೂರ ಸುಣ್ಣದ ಗೆರೆ ಹಾಕುತ್ತಿದ್ದೆ. ಬಾಣ ಹೋದ ಮೇಲೆ ಎರಡು ಸದ್ದು ಬಂದವು. ಒಂದು ದಪ್ಪನೆಯ ‘ಟಪ್’. ಅದರ ಬೆನ್ನಿಗೇ ಒಣ ಕಡ್ಡಿ ಮುರಿದಂಥ ‘ಚಿಟ್’. ಒಳ್ಳೆಯ ಸಾದಾ ಬಿಲ್ಲು ಬಾಣ ಬಿಟ್ಟಾಗ ಮೆತ್ತಗೆ ಗುಂಯ್ ಅನ್ನುತ್ತದೆ, ಅಷ್ಟೇ.

ಮೈದಾನ ನೋಡಿಕೊಳ್ಳುವ ಖಾಜಾಮಿಯಾ ಗುರಿಹಲಗೆಯ ಪಕ್ಕದಿಂದಲೇ ಕೂಗಿದರು. "ಮೇಡಂ, ಬಿಲ್ಲು ಹಲ್ಲು ಕಡೀಲಿಕ್ಕತ್ತೈತಿ. ರಾತ್ರಿ ಹುಳದ ಔಷಧ ಕುಡಸ್ರಿ."

ಹುಡುಗಿಯರು ನಕ್ಕರು. ಶ್ರಾವಣಿ ನಗಲಿಲ್ಲ. ಎರಡನೇ ಬಾಣಕ್ಕೆ ಅವಳ ಕಣ್ಣು ಮೊದಲೇ ಮುಚ್ಚಿಕೊಂಡಿತು, ಬಾಣ ಹಲಗೆಯ ಅಂಚಿಗೆ ಹೋಗಿ ನಾಟಿತು. ಸದ್ದು ಬರುತ್ತದೆಂದು ಮೈ ಮೊದಲೇ ಬೆದರಿದರೆ ಕೈ ಅಲುಗುತ್ತದೆ. ಬಿಲ್ಲಿಗಿಂತ ಅದೇ ದೊಡ್ಡ ಕೇಡು.

"ಏನು ಮಾಡಿದಿ ಇದಕ್ಕ? ಎಲ್ಲ್ಯಾದ್ರೂ ಕೆಡವಿದಿ ಏನು?" ಅಂದೆ.

"ಇಲ್ರಿ ಮೇಡಂ. ಗೂಡಿನ್ಯಾಗ ಇಟ್ಟಿದ್ದೆ."

"ಯಾರಾದ್ರೂ ಬಾಣ ಇಲ್ಲದ ಎಳದು ಬಿಟ್ರೇನು?"

"ಯಾರನ್ನೂ ಬಿಟ್ಟಿಲ್ರಿ, ನಮ್ಮ ತಮ್ಮನ್ನೂ ಮುಟ್ಟಾಕ ಬಿಟ್ಟಿಲ್ಲ."

ಸದ್ದು ಹುಡುಕುವುದಕ್ಕೆ ನನ್ನದೊಂದು ಕ್ರಮವಿದೆ. ಸುಲಭದ್ದು ಮೊದಲು. ಬಾಣದ ಬಾಲದಲ್ಲಿ ಹೆದೆ ಕೂಡುವ ಸೀಳಿಗೆ ನಾಕ್ ಅನ್ನುತ್ತಾರೆ. ಅದು ತೀರಾ ಬಿಗಿಯಾದರೂ ಸದ್ದು, ಸಡಿಲಾದರೂ ಸದ್ದು. ಬಾಣ ಬದಲಿಸಿದೆ, ವ್ಯತ್ಯಾಸವಿಲ್ಲ. ಹೆದೆಯ ಕಂಪನ ಹೀರಲು ಕಟ್ಟಿದ ಎರಡು ಉಣ್ಣೆಯ ಕುಚ್ಚುಗಳು ಸ್ವಲ್ಪ ಜಾರಿದ್ದವು, ಮೊದಲಿನ ಜಾಗಕ್ಕೆ ಸರಿಸಿದೆ. ಆಮೇಲೆ ಬ್ರೇಸ್ ಹೈಟ್ ಅಳೆದೆ. ಹೆದೆ ಏರಿಸಿದಾಗ ಹಿಡಿಯಿಂದ ಹೆದೆಗೆ ಇರುವ ಅಂತರ ಅದು. ಈ ಬಿಲ್ಲಿಗೆ ಏಳೂ ಮುಕ್ಕಾಲು ಇಂಚು ಇರಬೇಕು. ಏಳೂ ಕಾಲಿಗೆ ಇಳಿದಿತ್ತು. ಹೆದೆಗೆ ಹಾಕಿದ ಹುರಿ ಬಿಚ್ಚಿದರೆ ಅದು ಉದ್ದವಾಗಿ ಹೀಗಾಗುತ್ತದೆ. ಹೆದೆ ಇಳಿಸಿ ಹದಿನಾಲ್ಕು ಸುತ್ತು ಹುರಿ ಕೊಟ್ಟು ಏರಿಸಿದೆ. ‘ಟಪ್’ ಹೋಯಿತು.

‘ಚಿಟ್’ ಹೋಗಲಿಲ್ಲ.

ಹೆದೆ ಕೈಗೆ ಬಿರುಸಾಗಿ ಹತ್ತಿದ್ದು ನನಗೆ ನೆನಪಿದೆ. ಜೇನುಮೇಣ ತಿಕ್ಕಿದೆ. ಮೇಣ ಒಳಕ್ಕೆ ಇಳಿಯದೆ ಮೇಲೆಯೇ ಉಂಡೆಯಾಗಿ ಉದುರಿತು. ಬಿಸಿಲಿಗೆ ಒಣಗಿರಬೇಕು ಅಂದುಕೊಂಡು ಮುಂದೆ ಹೋದೆ. ಅಲ್ಲೇ ನಿಲ್ಲಬೇಕಿತ್ತು.

ಮಂಗಳವಾರ ಬಿಲ್ಲನ್ನು ಬಿಸಿಲಿಗೆ ಹಿಡಿದು ನೋಡುವಾಗ ಹಿಡಿಯಿಂದ ಮೇಲಕ್ಕೆ ಬಾಗಿದ ತೋಳಿನ ತುದಿಯಲ್ಲಿ, ಹೆದೆ ಮಲಗುವ ತೋಡಿನಲ್ಲಿ, ಬಿಳಿ ಪುಡಿ ಕಂಡಿತು. ಮರದ ಪಟ್ಟಿಗೂ ಫೈಬರ್‌ಗ್ಲಾಸಿಗೂ ನಡುವಿನ ಅಂಟು ಬಿಡಲು ಶುರುವಾದರೆ ಹೀಗೇ ಬಿಳಿ ಪುಡಿ ಉದುರುತ್ತದೆ, ಹೀಗೇ ಚಿಟಚಿಟ ಅನ್ನುತ್ತದೆ ಎಂದು ತರಬೇತಿಯಲ್ಲಿ ಹೇಳಿದ್ದರು. ಅಂಥ ಬಿಲ್ಲು ಪೂರ್ತಿ ಎಳೆದಾಗ ಮುರಿದರೆ ಚೂರು ಹಾರುವುದು ಹುಡುಗಿಯ ಮುಖಕ್ಕೆ. ಅನುಮಾನ ಬಂದ ಬಿಲ್ಲನ್ನು ಇನ್ನೊಂದು ಸಲ ಎಳೆಯಬಾರದು ಎನ್ನುವುದು ನಿಯಮ. ನಾನು ಹೆದೆ ಇಳಿಸಿ ಬಿಲ್ಲನ್ನು ಚೀಲಕ್ಕೆ ಹಾಕಿ ಕಪಾಟಿಗೆ ಬೀಗ ಹಾಕಿದೆ.

ಶ್ರಾವಣಿಗೆ ಹೇಳಿದಾಗ ಅವಳು ಅಳಲಿಲ್ಲ. "ಬಲಗೈಲೆ ಹೊಡೀತೀನ್ರಿ ಮೇಡಂ" ಅಂದಳು. ಆ ಸಂಜೆ ಬಲಗೈ ಬಿಲ್ಲು ಹಿಡಿದು ಹನ್ನೆರಡು ಬಾಣ ಬಿಟ್ಟಳು. ಹಲಗೆಗೆ ನಾಟಿದ್ದು ಎರಡು. ಉಳಿದವನ್ನು ಖಾಜಾಮಿಯಾ ಬೇಲಿಯ ಸಂದಿಯಿಂದ ಹೆಕ್ಕಿ ತಂದು ಏನೂ ತಮಾಷೆ ಮಾಡದೆ ಅವಳ ಕೈಗಿಟ್ಟರು. ಅದನ್ನು ನೋಡಿ ನನಗೆ ಇನ್ನಷ್ಟು ಸಂಕಟವಾಯಿತು. ಬಿಲ್ಲನ್ನು ಊರಿಗೆ ಕಳಿಸಿದವಳು ನಾನೇ ತಾನೆ.

ಮುಖ್ಯೋಪಾಧ್ಯಾಯಿನಿಯವರು ವರದಿ ಬರೆದು ಕೊಡಿ, ಬಿಲ್ಲನ್ನು ರಿಜಿಸ್ಟರಿನಿಂದ ತೆಗೆಯೋಣ ಎಂದರು. ಬುಧವಾರ ಮಧ್ಯಾಹ್ನ ಊಟದ ನಂತರ ವರದಿ ಬರೆಯಲು ಕೂತೆ. ‘ಬಿರುಕಿನ ಉದ್ದ’ ಎಂಬ ಕಾಲಂ ತುಂಬಬೇಕಿತ್ತು, ಬಿಲ್ಲನ್ನು ಮತ್ತೆ ಹೊರತೆಗೆದೆ. ಬಿರುಕು ಹುಡುಕಲು ಹತ್ತಿಯ ಉಂಡೆಯೊಂದನ್ನು ತೋಳಿನ ಉದ್ದಕ್ಕೂ ಮೆಲ್ಲಗೆ ಎಳೆಯುತ್ತಾರೆ. ಕೂದಲೆಳೆಯಷ್ಟು ಸೀಳಿದ್ದರೂ ಹತ್ತಿಯ ಎಳೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಮೂರು ಸಲ ಎಳೆದೆ, ಎರಡೂ ತೋಳು, ಎರಡೂ ಬದಿ. ಎಲ್ಲೂ ಸಿಕ್ಕಿಕೊಳ್ಳಲಿಲ್ಲ.

ಹಾಗಾದರೆ ಪುಡಿ ಎಲ್ಲಿಯದು? ಕಾಗದದ ಮೇಲೆ ಸ್ವಲ್ಪ ಉದುರಿಸಿ ಬೆರಳಲ್ಲಿ ತಿಕ್ಕಿದೆ. ಗಾಜಿನ ಪುಡಿಯಾದರೆ ನವೆ ಬರಬೇಕು. ಇದು ಮೈದಾ ಹಿಟ್ಟಿನಂತೆ ಜಾರಿತು. ಬೆರಳು ಒದ್ದೆ ಮಾಡಿ ಮುಟ್ಟಿದೆ, ಅಂಟಂಟಾಯಿತು. ಮೂಗಿಗೆ ಹಿಡಿದರೆ ಸಣ್ಣಗೆ ಹುಳಿ ವಾಸನೆ. ನನ್ನ ಕಾಟನ್ ಸೀರೆಗಳಿಗೆ ನಾನೇ ಪ್ರತಿ ಭಾನುವಾರ ಗಂಜಿ ಹಾಕುತ್ತೇನೆ. ಆ ವಾಸನೆ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಧೈರ್ಯ ಸಾಲದೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಿಂದ ಅಯೋಡಿನ್ ತೆಗೆದು ಒಂದು ಹನಿ ಬಿಟ್ಟೆ. ಗಂಜಿಗೆ ಅಯೋಡಿನ್ ಬಿದ್ದರೆ ನೀಲಿಯಾಗುತ್ತದೆಂದು ಏಳನೇ ತರಗತಿಯ ಮಕ್ಕಳೂ ಹೇಳುತ್ತಾರೆ. ಪುಡಿ ಕಪ್ಪು ನೀಲಿಯಾಯಿತು.

ಶ್ರಾವಣಿಯನ್ನು ಕರೆಸಿದೆ.

"ಹೆದೆಗೆ ಗಂಜಿ ಹಚ್ಚಿದವ್ರು ಯಾರು?"

"ಅಪ್ಪ ರೀ." ಅವಳ ಮುಖದಲ್ಲಿ ತಪ್ಪಿನ ಲಕ್ಷಣವೇ ಇರಲಿಲ್ಲ. "ಹೊರಡೋ ಹಿಂದಿನ ದಿನ, ಜಿಗಟಾಗಿ ಧೂಳು ಹತ್ತೈತಿ ಅಂತ ಬಿಸಿನೀರಾಗ ತೊಳದ. ಎಳಿ ಎದ್ದಿದ್ವು, ಅದಕ್ಕ ಗಂಜಿ ಕೊಟ್ಟು ಒಣಗಿಸಿ ಹಾಕಿದ. ಚಂದ ಮಾಡ್ಯಾನ ಅಲ್ರಿ?"

"ಸೋಮವಾರ ಯಾಕ ಹೇಳಲಿಲ್ಲವಾ?"

"ನೀವು ಕೆಡವಿದಿ ಏನು ಅಂತ ಕೇಳಿದ್ರಿ. ಕೆಡವಿದ್ದಿಲ್ರಿ."

ಅವಳ ಅಪ್ಪ ವೀರೇಶಪ್ಪನಿಗೆ ಫೋನು ಮಾಡಿದೆ. ವಿಷಯ ಕೇಳಿ ಆ ಕಡೆ ಮಗ್ಗದ ಸದ್ದು ನಿಂತಿತು. ಗುರುವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಮಕ್ತಲ್‌ಗೆ ಬಂದಿಳಿದರು. ತೆಳ್ಳಗಿನ ಮನುಷ್ಯ, ಹೆಗಲ ಮೇಲೆ ಟವೆಲು.

"ನೂಲಿಗೆ ಗಂಜಿ ಕುಡಿಸದ ಮಗ್ಗಕ್ಕ ಏರಸಂಗಿಲ್ರಿ ಮೇಡಂ. ಎಳಿ ಏಳತಾವ, ಹರೀತಾವ. ಇದೂ ನೂಲೇ ಅಲ್ಲೇನು ಅಂದ್ಕೊಂಡೆ."

"ತಪ್ಪು ತಿಳಕೋಬ್ಯಾಡ್ರಿ ಅಣ್ಣಾರ. ಇದು ಹತ್ತಿ ಅಲ್ಲ, ಪಾಲಿಸ್ಟರ್. ಇದರ ಜಿಗಟು ಧೂಳಲ್ಲ, ಜೇನುಮೇಣ. ಅದು ಇದ್ರನ ಎಳಿ ಒಂದಕ್ಕೊಂದು ಹಿಡಕೊಂಡು ಸುಮ್ನಿರತಾವ. ಗಂಜಿಗೆ ಬಿರುಸಾಗಿ ತೋಳಿಗೆ ಬಡೀತೈತಿ, ಪುಡಿ ಉದುರತೈತಿ."

"ಅಂದ್ರ ನಾ ಅದಕ್ಕ ಅನ್ನ ಉಣಿಸಿದೆ, ಅದು ಎಣ್ಣಿ ಕುಡಿಯೋ ಕೂಸು" ಅಂದರು ವೀರೇಶಪ್ಪ. ನಗಬೇಕೋ ಬೇಡವೋ ತಿಳಿಯದೆ ಮಗಳ ಮುಖ ನೋಡಿದರು.

"ಮನ್ಯಾಗೂ ಹಂಗ, ಕೂಳು ಜಾಸ್ತಿ ಇಡತಾನ್ರಿ" ಎಂದಳು ಶ್ರಾವಣಿ.

ನಮ್ಮಲ್ಲಿ ಆ ಅಳತೆಯ ಇನ್ನೊಂದು ಹೆದೆ ಇರಲಿಲ್ಲ. ಇದ್ದುದನ್ನೇ ಸರಿ ಮಾಡಬೇಕಿತ್ತು. ಹಾಸ್ಟೆಲ್ ಅಡುಗೆಮನೆಯಿಂದ ಬಿಸಿನೀರು ತಂದು ಮೂರು ಸಲ ತೊಳೆದೆವು. ಪ್ರತಿ ಸಲ ಕೊನೆಯ ನೀರಿಗೆ ಒಂದು ಹನಿ ಅಯೋಡಿನ್ ಬಿಟ್ಟು ನೋಡಿದೆ. ಮೂರನೆಯ ಸಲ ನೀಲಿ ಬರಲಿಲ್ಲ. ನೆರಳಲ್ಲಿ ಒಣಗಲು ಬಿಟ್ಟು ಮೂವರೂ ಉಪ್ಪಿಟ್ಟು ತಿಂದೆವು.

ಒಣಗಿದ ಮೇಲೆ ಇನ್ನೊಂದು ತೊಂದರೆ ಕಂಡಿತು. ಬಾಣ ಕೂಡುವ ಜಾಗದಲ್ಲಿ ಹೆದೆಗೆ ಸುತ್ತಿದ ರಕ್ಷಣೆಯ ದಾರ, ಸರ್ವಿಂಗ್ ಅನ್ನುತ್ತಾರೆ, ತೊಳೆದದ್ದಕ್ಕೆ ಸಡಿಲಾಗಿತ್ತು. ನಾನು ಸುತ್ತಿದರೆ ಅದು ಎಂದೂ ಒಂದೇ ಬಿಗಿಯಲ್ಲಿ ಬರುತ್ತಿರಲಿಲ್ಲ. ವೀರೇಶಪ್ಪ ಒಂದು ಸಲ ನೋಡಿ, "ಕೊಡ್ರಿ ಇಲ್ಲಿ" ಅಂದರು. ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಇನ್ನೊಂದನ್ನು ಕಾಲ ಹೆಬ್ಬೆರಳಿಗೆ ಸಿಕ್ಕಿಸಿ, ಹತ್ತು ನಿಮಿಷದಲ್ಲಿ ಎಳೆಗೆ ಎಳೆ ಕೂಡಿಸಿ ಸುತ್ತಿದರು. ಗದ್ವಾಲದ ಸೀರೆಯಲ್ಲಿ ಹತ್ತಿಯ ಮೈಗೆ ರೇಷ್ಮೆಯ ಅಂಚನ್ನು ಎಳೆಯೆಳೆಯಾಗಿ ಜೋಡಿಸುವ ಕೈ ಅದು. ನಾನು ಮೇಣ ತಿಕ್ಕಿದೆ. ಬೆರಳ ಬಿಸಿಗೆ ಕರಗಿ ಒಳಗಿಳಿಯಿತು. ಹುರಿ ಕೊಟ್ಟೆ, ಏರಿಸಿದೆ, ಏಳೂ ಮುಕ್ಕಾಲು ಇಂಚು.

ಸಂತೋಷಕ್ಕೆ ವೀರೇಶಪ್ಪ ಬಿಲ್ಲು ಎತ್ತಿ ಹೆದೆ ಎಳೆದು ಬಿಡಲು ಹೋದರು. ನಾನು ಓಡಿ ಹೋಗಿ ಕೈ ಹಿಡಿದೆ. ಬಾಣವಿಲ್ಲದೆ ಬಿಟ್ಟರೆ ಅಷ್ಟೂ ಬಲ ತೋಳಿಗೇ ಬೀಳುತ್ತದೆ, ಗಂಜಿ ಮಾಡದ ಕೆಲಸ ಅದು ಮಾಡುತ್ತದೆ.

"ಇವರನ್ನ ಗದ್ವಾಲ ಬಸ್ಸು ಹತ್ತಿಸಿ ಆಮ್ಯಾಲೆ ಹೊಡಸ್ರಿ ಮೇಡಂ" ಅಂದರು ಖಾಜಾಮಿಯಾ.

ಮೊದಲ ಬಾಣ ನಾನೇ ಬಿಟ್ಟೆ, ಮಕ್ಕಳನ್ನು ದೂರ ನಿಲ್ಲಿಸಿ, ಹೆಲ್ಮೆಟ್ ಹಾಕಿಕೊಂಡು. ಎಡಗೈ ಬಿಲ್ಲಿನಲ್ಲಿ ನನ್ನ ಬಾಣ ಎಲ್ಲಿ ಹೋಯಿತೆಂದು ಕೇಳಬೇಡಿ. ಸದ್ದು ಮಾತ್ರ ಮೆತ್ತಗೆ ಗುಂಯ್ ಅಂದಿತು. ಇನ್ನೂ ಐದು ಬಿಟ್ಟೆ. ಪ್ರತಿ ಬಾಣದ ನಂತರ ಹತ್ತಿ ಎಳೆದು ನೋಡಿದೆ. ಆಮೇಲೆ ಬಿಲ್ಲನ್ನು ಶ್ರಾವಣಿಗೆ ಕೊಟ್ಟೆ. ಮೊದಲ ಮೂರು ಬಾಣಕ್ಕೆ ಅವಳ ಕಣ್ಣು ಮುಚ್ಚುತ್ತಲೇ ಇತ್ತು. ನಾಲ್ಕನೆಯದಕ್ಕೆ ತೆರೆದೇ ಇತ್ತು.

ಶನಿವಾರ ನಾರಾಯಣಪೇಟೆಯಲ್ಲಿ ಮೂವತ್ತಾರು ಬಾಣ. ಮೊದಲ ಸುತ್ತಿನಲ್ಲಿ ಹಿಂದೆ ಬಿದ್ದಳು, ಎರಡು ದಿನದ ಅಭ್ಯಾಸ ಹೋದದ್ದು ಕಾಣುತ್ತಿತ್ತು. ಕೊನೆಯ ಸುತ್ತಿನಲ್ಲಿ ಮೇಲೆ ಬಂದಳು. ನಾಲ್ಕು ಹೆಸರು ಓದಿದರು, ನಾಲ್ಕನೆಯದು ಅವಳದು. ವರದಿಯ ಕಾಗದವನ್ನು ಸೋಮವಾರ ಹರಿದು ಹಾಕಿದೆ.

ಈಗಲೂ ಮಕ್ಕಳು ರಜೆಗೆ ಬಿಲ್ಲು ಒಯ್ಯುತ್ತಾರೆ. ವಾಪಸು ತಂದಾಗ ನಾನು ಏನು ಕೆಡಿಸಿದಿರಿ ಎಂದು ಕೇಳುವುದನ್ನು ಬಿಟ್ಟಿದ್ದೇನೆ. ಆ ಪ್ರಶ್ನೆಗೆ ಎಲ್ಲರೂ ‘ಏನೂ ಇಲ್ರಿ’ ಅನ್ನುತ್ತಾರೆ, ಅದು ಸುಳ್ಳೂ ಅಲ್ಲ. ಮನೆಯವರು ಇದಕ್ಕೆ ಏನೇನು ಆರೈಕೆ ಮಾಡಿದರು ಎಂದು ಕೇಳುತ್ತೇನೆ. ಆಗ ಒಬ್ಬರ ಅಜ್ಜಿ ಹಚ್ಚಿದ ಎಣ್ಣೆ, ಇನ್ನೊಬ್ಬರ ಮಾವ ಹಾಕಿದ ಪಾಲಿಶ್ ಎಲ್ಲವೂ ಹೆಮ್ಮೆಯಿಂದಲೇ ಹೊರಗೆ ಬರುತ್ತವೆ.